ತಾಮ್ರ ಯಾವ ಕಡೆ ಇಡಬೇಕು?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಜಾಬ್‌ವರ್ಕ್ ಶೆಡ್. ಬ್ಯಾಟರಿ ಪ್ಯಾಕ್ ಮಾಡುವ ಗಿರಾಕಿಯೊಬ್ಬರು ಅಲ್ಯೂಮಿನಿಯಂ ಬಸ್‌ಬಾರ್‌ಗೆ (ಕರೆಂಟ್ ಸಾಗಿಸುವ ಪಟ್ಟಿ) ತಾಮ್ರದ ತುದಿ ಕೂಡಿಸಿಕೊಡಿ ಎಂದರು. ಬೋಲ್ಟ್ ಹಾಕಿದರೆ ಬರಬರುತ್ತಾ ಸಡಿಲವಾಗಿ ಬಿಸಿಯೇರುತ್ತದೆ. ಟಿಗ್‌ನಲ್ಲಿ (ಆರ್ಕ್ ವೆಲ್ಡಿಂಗಿನ ಒಂದು ಬಗೆ) ಕರಗಿಸಿ ಬೆಸೆದರೆ ಎರಡೂ ಲೋಹ ಬೆರೆತು ಪೆಡಸು ಪದರ ಕಟ್ಟಿ ಬಿರಿಯುತ್ತದೆ. ಉಳಿದದ್ದು 1991ರಲ್ಲಿ ಇಂಗ್ಲೆಂಡಿನ ಟಿಡಬ್ಲ್ಯುಐ ಎಂಬ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್: ತಿರುಗುವ ಟೂಲಿನ ತುದಿಯ ಪಿನ್ನನ್ನು ಪ್ಲೇಟುಗಳು ಕೂಡುವಲ್ಲಿ ಒತ್ತಿ ಸಾಗಿಸಿದರೆ, ಉಜ್ಜಾಟದ ಬಿಸಿಗೆ ಲೋಹ ಕರಗದೆ ಮೆತ್ತಗಾಗಿ ಕಲಸಿಕೊಂಡು ಬೆಸೆಯುತ್ತದೆ. ಅದಕ್ಕೆಂದೇ ಇರುವ ಮಷೀನು ನಮ್ಮ ಜೇಬಿಗೆ ಎಟುಕದು, ಹಳೆ ವರ್ಟಿಕಲ್ ಮಿಲ್ಲಿಂಗ್ ಮಷೀನಲ್ಲೇ ಶುರುಮಾಡಿದೆವು.

ಪ್ಲೇಟು 4 ಮಿ.ಮೀ. ದಪ್ಪ. ಟೂಲು ಎಚ್13 ಉಕ್ಕಿನದು, ಹದ ಕೊಟ್ಟು ಗಟ್ಟಿಮಾಡಿದ್ದು. ಪಿನ್ನಿನ ಉದ್ದ 3.8 ಮಿ.ಮೀ. ಸ್ಪಿಂಡಲ್ ಪ್ರದಕ್ಷಿಣವಾಗಿ ತಿರುಗುವುದರಿಂದ ಪಿನ್ನಿಗೆ ಎಡಗೈ ಥ್ರೆಡ್, ಲೋಹವನ್ನು ಕೆಳಕ್ಕೆ ದೂಡಲಿ ಅಂತ. ತಲೆಯನ್ನು 2 ಡಿಗ್ರಿ ವಾಲಿಸಿದೆವು.

ಇಡೀ ಆಟ ಇರುವುದು ತಾಮ್ರ ಎಲ್ಲಿ ಕೂರುತ್ತದೆ ಅನ್ನುವುದರಲ್ಲಿ. ಟೂಲಿನ ಅಂಚು ಸಾಗುವ ದಿಕ್ಕಿಗೇ ತಿರುಗುವ ಬದಿ ಅಡ್ವಾನ್ಸಿಂಗ್ ಸೈಡ್. ಗಡಸು ಲೋಹ, ಅಂದರೆ ತಾಮ್ರ, ಅಲ್ಲಿರಬೇಕು. ನಮ್ಮಲ್ಲಿ ಟೇಬಲ್ ಎಡಕ್ಕೆ ಸರಿಯುತ್ತದೆ, ಅಂದರೆ ಪ್ಲೇಟಿನ ಮೇಲೆ ಟೂಲು ಬಲಕ್ಕೆ ಸಾಗಿದಂತೆ, ಹಾಗಾಗಿ ತಾಮ್ರ ಮಷೀನಿನ ಹಿಂಬದಿಯ ಕಾಲಂ (ಕಂಬ) ಕಡೆಗೆ, ಅಲ್ಯೂಮಿನಿಯಂ ಆಪರೇಟರ್ ಕಡೆಗೆ. ಬೇಕೆಂದೇ ಒಮ್ಮೆ ಅದಲುಬದಲು ಮಾಡಿ ನೋಡಿದೆವು: ಕೊಯ್ದು ಪಾಲಿಶ್ ಹಾಕಿದಾಗ ಬೆಸುಗೆಯೊಳಗೆ ಉದ್ದಕ್ಕೂ ಸುರಂಗ, ಅಲ್ಲಲ್ಲಿ ತಾಮ್ರದ ಚೂರು.

ಪಿನ್ನನ್ನೂ ನಡುಗೆರೆಗೆ ಇಳಿಸಬಾರದು. ಬಹುಪಾಲು ಅಲ್ಯೂಮಿನಿಯಂನಲ್ಲೇ ಇರಬೇಕು, ತಾಮ್ರದ ಅಂಚನ್ನು ಸವರಿದರೆ ಸಾಕು. "ಸಾರ್, ಇದು ಕಟಿಂಗ್ ಅಲ್ಲ, ಅರೆಯೋದು ಅನ್ನಿ" ಎಂದ ನಮ್ಮ ಆಪರೇಟರ್. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ತಾಮ್ರ 1085ಕ್ಕೆ. ಎರಡೂ ಬೆರೆತಲ್ಲಿ ಮಾತ್ರ 548ಕ್ಕೇ ದ್ರವವಾಗತೊಡಗುತ್ತದೆ. ಕರಗಿಸದೆ ಬೆಸೆಯುತ್ತೇವೆ ಅಂದುಕೊಂಡು ಬಿಸಿ ಏರಗೊಟ್ಟರೆ ಅದೇ ಪೆಡಸು ಪದರ ವಾಪಸು. ನಮಗೆ ಒಗ್ಗಿದ್ದು 1000 ಆರ್‌ಪಿಎಂ, ನಿಮಿಷಕ್ಕೆ 40 ಮಿ.ಮೀ. ಫೀಡ್, ನಿಮ್ಮ ಟೂಲಿಗೆ ಬೇರೆಯೇ ಆಗಬಹುದು.

ಕ್ಲ್ಯಾಂಪಿಗೆ ಜಿಪುಣತನ ಬೇಡ. ಪಿನ್ ಒಳಹೊಕ್ಕಾಗ ಪ್ಲೇಟುಗಳು ಅಗಲಲು ನೋಡುತ್ತವೆ, ಮೇಲಿಂದಲೂ ಪಕ್ಕದಿಂದಲೂ ಬಿಗಿಯಬೇಕು.

ವೈಸಿಗೆ ಕಚ್ಚಿಸಿ ಬಾಗಿಸಿದರೆ ಈಗ ಬೆಸುಗೆ ಬಾಯಿಬಿಡುವ ಮೊದಲೇ ಅಲ್ಯೂಮಿನಿಯಂ ಬಾಗುತ್ತದೆ. ಟೂಲು ಮೇಲೆದ್ದ ಕಡೆ ತೂತು ಉಳಿದೇ ಉಳಿಯುತ್ತದೆ. ಪ್ಲೇಟನ್ನು ತುಸು ಉದ್ದ ಇಟ್ಟು, ಆ ತುದಿಯನ್ನು ಕತ್ತರಿಸಿ ಸ್ಕ್ರ್ಯಾಪಿಗೆ ಹಾಕುತ್ತೇವೆ.