ಡ್ರಾಗನ್ ಬೇಡ, ಸುರಂಗ ಸಾಕು: ಫ್ಯಾಂಟಸಿ ಆಟದ ಕಥೆ ಕಟ್ಟುವುದು ಹೇಗೆ?

ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟಗಳು 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’ನಿಂದ ಹೆಸರಾದವು. ಒಬ್ಬರು ಆಟ ನಡೆಸುತ್ತಾರೆ, ಅವರು ಜಿ.ಎಂ. (ಗೇಮ್ ಮಾಸ್ಟರ್); ಉಳಿದವರಿಗೆ ಒಂದೊಂದು ಪಾತ್ರ. ಕಾಸರಗೋಡಿನವರಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆಯಂತೆಯೇ ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಆ ಕ್ಷಣಕ್ಕೆ ಹೊಳೆದ ಮಾತೇ ಬಂಡವಾಳ. ಒಂದೇ ವ್ಯತ್ಯಾಸ: ತಾಳಮದ್ದಳೆಯಲ್ಲಿ ವಾಲಿ ಎಷ್ಟೇ ವಾದಿಸಿದರೂ ಬಾಣ ತಪ್ಪುವುದಿಲ್ಲ, ಇಲ್ಲಿ ತಪ್ಪಬಹುದು.

ಆ ವ್ಯತ್ಯಾಸವನ್ನು ಮರೆತ ಜಿ.ಎಂ. ಕಥೆಯನ್ನು ಕೊನೆಯವರೆಗೆ ಬರೆದಿಟ್ಟುಕೊಂಡು ಬರುತ್ತಾರೆ. ಎರಡನೇ ವಾರಕ್ಕೇ ಆಟಗಾರರು ಬೇರೆ ದಾರಿ ಹಿಡಿಯುತ್ತಾರೆ, ಬರೆದದ್ದೆಲ್ಲ ವ್ಯರ್ಥವಾಗುತ್ತದೆ. ಬರೆದಿಟ್ಟುಕೊಳ್ಳಬೇಕಾದ್ದು ಕಥೆಯನ್ನಲ್ಲ, ಇಕ್ಕಟ್ಟನ್ನು.

ಮೊದಲು ಒಂದು ಊರು

ಇಡೀ ಭೂಖಂಡದ ನಕ್ಷೆ ಬಿಡಿಸುತ್ತಾ ಕೂರಬೇಡಿ. ಒಂದು ಊರು, ಅಲ್ಲಿಂದ ಅರ್ಧ ದಿನದ ನಡಿಗೆಯೊಳಗೆ ಮೂರು ಜಾಗ, ಆರು ಮಂದಿ ಊರವರು ಸಾಕು. ಪ್ರತಿಯೊಬ್ಬರ ಹೆಸರಿನ ಮುಂದೆ ಅವರಿಗೇನು ಬೇಕು ಎಂದು ಒಂದೇ ಸಾಲು ಬರೆಯಿರಿ. ಇಬ್ಬರ ಬೇಕುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು, ಇಬ್ಬರ ಮಾತಿನಲ್ಲೂ ನ್ಯಾಯ ಇರಬೇಕು.

ಉದಾಹರಣೆಗೆ, ಗುಡ್ಡದ ಮೇಲಿನ ಮನೆಯವರು ನೀರಿಗಾಗಿ ಹೊಸ ಸುರಂಗ ಕೊರೆಸಿದ್ದಾರೆ. ಅವರ ಮಕ್ಕಳಿಗೆ ಕುಡಿಯಲು ನೀರಿರಲಿಲ್ಲ. ಅದಾದ ಮೇಲೆ ಕೆಳಗಿನ ಕಂಗಿನ ತೋಟದ ಹಳೇ ಸುರಂಗ ಬತ್ತಿದೆ. ಜೊತೆಗೆ, ಕೊರೆಯುವಾಗ ಒಳಗೆ ಮಲಗಿದ್ದ ಏನೋ ಎಚ್ಚರಗೊಂಡಿದೆ. ರಾಕ್ಷಸನನ್ನು ಕೊಂದರೂ ನೀರಿನ ಜಗಳ ಮುಗಿಯುವುದಿಲ್ಲ. ಇಷ್ಟರಲ್ಲೇ ಹತ್ತು ವಾರದ ಆಟ ಇದೆ.

ಒಂದು ಎಚ್ಚರ: ಊರಿನಲ್ಲಿ ನಂಬಿ ಬಂದ ದೈವದ ಹೆಸರಿಗೆ, ಎಷ್ಟು ಏಟು ತಾಳುತ್ತದೆ ಎಂದು ಹೇಳುವ ಪ್ರಾಣದ ಅಂಕ ಹಚ್ಚಿ ಹೊಡೆದಾಟಕ್ಕೆ ಇಳಿಸಬೇಡಿ. ಕಟ್ಟುಕಥೆಯ ಶಕ್ತಿಯೊಂದನ್ನು ಸೃಷ್ಟಿಸಿ, ವರ್ಷಕ್ಕೊಮ್ಮೆ ಊರಿನ ವ್ಯಾಜ್ಯ ಕೇಳಿ ನುಡಿ ಕೊಡುವ ಕೆಲಸ ಅದಕ್ಕಿರಲಿ. ಆ ನುಡಿಯನ್ನು ಇಬ್ಬರೂ ತಮತಮಗೆ ಬೇಕಾದ ಹಾಗೆ ಅರ್ಥಮಾಡಿಕೊಂಡರೆ ಇನ್ನೂ ಚೆನ್ನ.

ಜಾಗವೇ ಎದುರಾಳಿ

ನಮ್ಮ ಸುರಂಗಗಳನ್ನು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದಿರುತ್ತಾರೆ. ಒಬ್ಬರು ಹೋಗುವಷ್ಟೇ ಅಗಲ, ಬದಿಯಿಂದ ಜಿನುಗಿದ ನೀರು ಕಾಲಡಿಯಲ್ಲಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಉದ್ದದ ಸುರಂಗಗಳಲ್ಲಿ ಕೆಲವಕ್ಕೆ ಮೇಲಿನಿಂದ ಗಾಳಿಗಂಡಿ ಇರುತ್ತದೆ. ಇದನ್ನು ಹಾಗೆಯೇ ಆಟಕ್ಕೆ ತನ್ನಿ. ಐವರು ಸಾಲಾಗಿ ನಡೆದರೆ ಕಾದಾಡಲು ಆಗುವುದು ಮುಂದಿನವನಿಗೆ ಮಾತ್ರ. ಉದ್ದ ಕತ್ತಿ ಬೀಸಲು ಜಾಗವಿಲ್ಲ, ಬೀಸಿಯೇ ತೀರುತ್ತೇನೆಂದರೆ ಎರಡು ದಾಳ ಹಾಕಿ ಕಡಿಮೆ ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಈಟಿ ತಿವಿಯಬಹುದು. ಆಟದ ನಿಯಮದಲ್ಲಿ ಪಂಜು ಉರಿಯುವುದು ಒಂದು ಗಂಟೆ, ಚೆನ್ನಾಗಿ ಬೆಳಗುವುದು 20 ಅಡಿ, ಮತ್ತೆ 20 ಅಡಿ ಮಂದ ಬೆಳಕು. ಹಾಗಾಗಿ ಒಳಗೆ ಕಾಲಿಡುವ ಮೊದಲೇ ಕೇಳಿ: “ಮುಂದೆ ಯಾರು? ದೀಪ ಯಾರ ಕೈಯಲ್ಲಿ?” ಜ್ವಾಲೆ ಸಣ್ಣಗಾಯಿತು ಎಂದು ಹೇಳಿ ಸುಮ್ಮನಾಗಿ. ಗಾಳಿ ಕೆಟ್ಟಿದೆ ಎಂಬುದನ್ನು ಅವರೇ ಊಹಿಸಲಿ.

ಇಲ್ಲಿ ಹೆಚ್ಚಿನವರು ಎಡವುವುದು ದಾಳದ ವಿಷಯದಲ್ಲಿ. ಜಾರದೆ ನಡೆಯಲು ಒಂದು, ಸದ್ದಾಗದಂತೆ ದಾಟಲು ಇನ್ನೊಂದು ಎಂದು ಹೆಜ್ಜೆ ಹೆಜ್ಜೆಗೂ ದಾಳ ಉರುಳಿಸಲು ಹೇಳುತ್ತಾರೆ. ಒಂದೊಂದರಲ್ಲಿ ಗೆಲ್ಲುವ ಸಾಧ್ಯತೆ ಶೇ 70 ಇದ್ದರೂ ನಾಲ್ಕರಲ್ಲೂ ಗೆಲ್ಲುವ ಸಾಧ್ಯತೆ ಶೇ 24 ಮಾತ್ರ. ಶೂರರೆನಿಸಿಕೊಂಡವರು ಪೆದ್ದರಂತೆ ಕಾಣತೊಡಗುವುದು ಇದರಿಂದಲೇ. ಇಡೀ ದಾರಿಗೆ ಒಂದೇ ದಾಳ ಸಾಕು. 20 ಮುಖದ ದಾಳಕ್ಕೆ ಸುಲಭದ ಕೆಲಸವಾದರೆ 10, ಸಾಧಾರಣಕ್ಕೆ 15, ಕಷ್ಟಕ್ಕೆ 20 ಗುರಿ ಇಡುವುದು ವಾಡಿಕೆ. ಬಿದ್ದ ಸಂಖ್ಯೆಗೆ ಕೂಡಿಸಲು ಪಾತ್ರಕ್ಕೆ +5 ಇದ್ದರೆ 15ನ್ನು ಮುಟ್ಟುವ ಸಾಧ್ಯತೆ ಶೇ 55. ಸೋತರೆ ‘ಏನೂ ಆಗಲಿಲ್ಲ’ ಎನ್ನಬೇಡಿ, ಅಲ್ಲಿಗೆ ಆಟ ನಿಂತೇಬಿಡುತ್ತದೆ. ಆಚೆ ತಲುಪಿದರು, ಆದರೆ ಎಣ್ಣೆಯ ಗಿಂಡಿ ನೀರುಪಾಲಾಯಿತು ಅನ್ನಿ.

ದಾಳ ಸಿಗದಿದ್ದರೆ 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ. ತೆಗೆದ ಚೀಟಿಯನ್ನು ಪ್ರತಿ ಸಲ ಡಬ್ಬಿಗೇ ಹಾಕಬೇಕು, ಇಲ್ಲವಾದರೆ ಮುಂದಿನವರ ಲೆಕ್ಕ ತಪ್ಪುತ್ತದೆ.

ಪಾತ್ರಕ್ಕೆ ಮೂರು ಸಾಲು

ಅಪ್ಪ ಅಮ್ಮ ಇಲ್ಲದ, ಯಾರೊಡನೆಯೂ ಬೆರೆಯದ, ಕಪ್ಪು ಬಟ್ಟೆಯ ಕತ್ತಿವೀರ ಎಲ್ಲ ತಂಡದಲ್ಲೂ ಒಬ್ಬನಿರುತ್ತಾನೆ. ಅವನಿಗೆ ಕಳೆದುಕೊಳ್ಳಲು ಏನೂ ಇಲ್ಲದ್ದರಿಂದ ಜಿ.ಎಂ. ಅವನನ್ನು ಯಾವ ಇಕ್ಕಟ್ಟಿಗೂ ಸಿಲುಕಿಸಲಾರರು. ನಾಲ್ಕು ಪುಟದ ಪೂರ್ವಕಥೆಯ ಬದಲು ಮೂರು ಸಾಲು ಬರೆಯಿರಿ: ನನಗೇನು ಬೇಕು, ಏನೇ ಆದರೂ ಬಿಟ್ಟುಕೊಡದ್ದು ಯಾವುದು, ಯಾರ ಋಣದಲ್ಲಿದ್ದೇನೆ. ತಂಡದ ಒಬ್ಬರಿಗೆ ಉಪಕಾರದ ಹಂಗು, ಇನ್ನೊಬ್ಬರಿಂದ ಮುಚ್ಚಿಟ್ಟ ಸಂಗತಿ ಕೂಡ ಇರಲಿ.

ಬುದ್ಧಿ, ವಿವೇಕದಂಥ ಆರು ಸಾಮರ್ಥ್ಯಗಳಿಗೆ ಹಂಚುವ ಅಂಕಗಳು ಸಾಮಾನ್ಯವಾಗಿ 15, 14, 13, 12, 10, 8. ಹೆಚ್ಚಿನವರು 8ನ್ನು ಯಾರಿಗೂ ಕಾಣದ ಮೂಲೆಗೆ ತಳ್ಳುತ್ತಾರೆ. ಹಾಗೆ ಮಾಡದೆ ಅದನ್ನು ಕಣ್ಣಿಗೆ ಬೀಳುವಲ್ಲಿ ಇಡಿ. ಸುರಂಗ ಕೊರೆಯುವವನ ಮಗಳು ಎಂದಿಟ್ಟುಕೊಳ್ಳಿ: ಬುದ್ಧಿ 8, ಅಂದರೆ ದಾಳಕ್ಕೆ -1; ವಿವೇಕ 15, ಅಂದರೆ +2. ಜಾಗದ ಪತ್ರ ಓದಲು ಬಾರದು, ಆದರೆ ಕಲ್ಲಿನ ತೇವ ಮುಟ್ಟಿ ನೀರಿನ ಜಾಡು ಹೇಳುತ್ತಾಳೆ. ಪತ್ರ ತಿದ್ದಿದ್ದಾರೆಂಬುದು ಅವಳಿಗೇ ಗೊತ್ತಾಗದೆ ಹೋದಾಗ ಕಥೆ ತಾನಾಗಿ ಬೆಳೆಯುತ್ತದೆ.

ಭಾಷೆಗಳನ್ನೂ ಬಳಸಿಕೊಳ್ಳಿ. ಕನ್ನಡ, ತುಳು, ಮಲಯಾಳಂ, ಕೊಂಕಣಿ, ಮರಾಠಿ, ಬ್ಯಾರಿ ಒಂದೇ ಪೇಟೆಯಲ್ಲಿ ಕೇಳುವ ನಮಗೆ ಫ್ಯಾಂಟಸಿ ಕಥೆಗಳ ಕಿನ್ನರರಂಥ ‘ಎಲ್ಫರ ಭಾಷೆ’ ಎಂಬುದು ಬರೀ ಹಾಳೆಯ ಮೇಲಿನ ಹೆಸರಾಗಬೇಕಿಲ್ಲ. ವ್ಯಾಪಾರಿ ಮನೆಮಾತಿನಲ್ಲಿ ಏನೋ ಪಿಸುಗುಟ್ಟಿದರೆ, ಆ ಭಾಷೆ ಬರುವ ಆಟಗಾರನಿಗೆ ಮಾತ್ರ ಚೀಟಿ ಕೊಡಿ. ಉಳಿದವರಿಗೆ ಹೇಳುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ಆದರೆ ನಿಜವಾದ ಯಾವುದೇ ಸಮುದಾಯದ ಆಡುನುಡಿಯನ್ನು ಪಿಶಾಚಿಗಳ ಬಾಯಿಗೆ ತುರುಕಿ ನಗಿಸಲು ಹೋಗಬೇಡಿ.

ವಾರದ ತಯಾರಿ

ಮೂರು ಗಂಟೆಯ ಆಟಕ್ಕೆ ಒಂದು ಗಂಟೆ ತಯಾರಿ ಸಾಕು. ಆಟಗಾರರಿಗೆ ತಿಳಿಯಲೇಬೇಕಾದ ಸತ್ಯಕ್ಕೆ ಮೂರು ಸುಳಿವು ಇಡಿ; ಒಂದನ್ನು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ. ಒಂದು ವೃತ್ತವನ್ನು ಆರು ಭಾಗ ಮಾಡಿ, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡಿ. ನೀರಿನ ಜಗಳವನ್ನು ಯಾರೂ ತಡೆಯದ ವಾರ ಒಂದು ಭಾಗ ಕಪ್ಪಾಗಲಿ. ಆರೂ ತುಂಬಿದ ದಿನ ಕೆಳಗಿನ ತೋಟದವರು ಸುರಂಗದ ಬಾಯಿ ಮುಚ್ಚುತ್ತಾರೆ, ಒಳಗೆ ಯಾರೇ ಇರಲಿ.

ಆಟಕ್ಕೆ ಯಾವ ಸಂಗತಿ ಬರಕೂಡದು ಎಂಬುದನ್ನು ಮೊದಲ ದಿನವೇ ಎಲ್ಲರನ್ನೂ ಕೇಳಿಟ್ಟುಕೊಳ್ಳಿ. ಪ್ರತಿ ವಾರ ಏಳುವ ಮೊದಲು ಇನ್ನೊಂದು ಕೇಳಿ: “ಮುಂದಿನ ವಾರ ಮೇಲಿನ ಮನೆಗೋ, ಗಾಳಿಗಂಡಿಗೋ?” ಅವರು ಹೇಳಿದ ಜಾಗವನ್ನಷ್ಟೇ ತಯಾರು ಮಾಡಿದರಾಯಿತು.