‘ಹೊರಗಿನವರ ಕುಮ್ಮಕ್ಕು’ ಎನ್ನಿಸಿಕೊಳ್ಳದೆ ಫ್ರ್ಯಾಕಿಂಗ್ ಎದುರಿಸುವ ಊರಿಗೆ ಒದಗುವುದು ಹೇಗೆ

ಪಕ್ಕದ ಹೊಲದಲ್ಲಿ ಅನಿಲದ ಬಾವಿ ಕೊರೆಯಲು ಕಂಪನಿ ಬಂದು, ಊರು ಬೇಡವೆಂದು ಎದ್ದು ನಿಂತರೆ, ಮೊದಲು ಕೇಳಿಬರುವ ಮಾತು ‘ಇದೆಲ್ಲ ಹೊರಗಿನವರ ಕುಮ್ಮಕ್ಕು’ ಎಂಬುದು. ಈ ಮಾತಿಗೆ ಹೆದರಿ ಹೊರಗಿನವರನ್ನು ದೂರವಿಟ್ಟ ಊರು ಒಂಟಿಯಾಗಿ ಸೋಲುತ್ತದೆ. ಬಂದವರಿಗೆಲ್ಲ ಮೈಕು ಕೊಟ್ಟ ಊರು ತನ್ನ ಹೋರಾಟವನ್ನೇ ಕಳೆದುಕೊಳ್ಳುತ್ತದೆ. ತೀರ್ಮಾನ ಊರಿನವರ ಕೈಯಲ್ಲಿರಬೇಕು, ಹೊರಗಿನವರು ಹೆಗಲು ಕೊಡಬೇಕು. ಇದನ್ನು ದಿನನಿತ್ಯದ ಕೆಲಸದಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಇಂಗ್ಲೆಂಡಿನ ಲ್ಯಾಂಕಾಷೈರ್ ಅನುಭವವನ್ನು ಮುಂದಿಟ್ಟುಕೊಂಡು ಹೇಳುತ್ತೇವೆ.

ಫ್ರ್ಯಾಕಿಂಗ್ ಎಂದರೆ ನೆಲದಾಳದ ಶೇಲ್ ಬಂಡೆಗೆ ನೀರು, ಮರಳು, ರಾಸಾಯನಿಕಗಳ ಮಿಶ್ರಣವನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ, ಬಂಡೆ ಬಿರಿಯುವಂತೆ ಮಾಡಿ ಅದರೊಳಗಿನ ಅನಿಲವನ್ನು ಹೊರತೆಗೆಯುವುದು. ಬ್ಲ್ಯಾಕ್‌ಪೂಲ್ ಸಮೀಪದ ಪ್ರೀಸ್ ಹಾಲ್ ಬಾವಿಯಲ್ಲಿ ಕ್ವಾಡ್ರಿಲಾ ಕಂಪನಿ 2011ರಲ್ಲಿ ಇದನ್ನು ಮಾಡಿದಾಗ 2.3 ತೀವ್ರತೆಯ ಕಂಪನವಾಯಿತು. ಅದೇ ಕಂಪನಿ ಮುಂದೆ ಪ್ರೆಸ್ಟನ್ ನ್ಯೂ ರೋಡ್ ಮತ್ತು ರೋಸ್ಏಕರ್ ವುಡ್ ಎಂಬ ಎರಡು ಜಾಗಗಳಿಗೆ ಅನುಮತಿ ಕೇಳಿತು. ಲ್ಯಾಂಕಾಷೈರ್ ಕೌಂಟಿ ಕೌನ್ಸಿಲ್ 2015ರ ಜೂನ್‌ನಲ್ಲಿ ಎರಡನ್ನೂ ನಿರಾಕರಿಸಿತು. 2016ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸರ್ಕಾರ ಆ ನಿರ್ಧಾರವನ್ನು ತಳ್ಳಿಹಾಕಿ ಪ್ರೆಸ್ಟನ್ ನ್ಯೂ ರೋಡಿಗೆ ಅನುಮತಿ ಕೊಟ್ಟಿತು. ಅಲ್ಲಿ 2017ರ ಜನವರಿಯಿಂದ ವರ್ಷಗಟ್ಟಲೆ ಜನ ಗೇಟಿನೆದುರು ನಿಂತರು. ರೋಸ್ಏಕರ್‌ನಲ್ಲಿ ಒಂದು ಬಾವಿಯನ್ನೂ ಕೊರೆಯಲಾಗಲಿಲ್ಲ. ಏಕೆ ಎಂಬುದನ್ನು ಮುಂದೆ ನೋಡೋಣ.

ಹೋಗುವ ಮುನ್ನ

ಊರಿನಲ್ಲಿ ಯಾವ ಸಮಿತಿ ಇದೆ ಎಂದು ಮೊದಲು ತಿಳಿದುಕೊಳ್ಳಿ. ಲ್ಯಾಂಕಾಷೈರ್‌ನಲ್ಲಿ ಒಂದೊಂದು ಜಾಗಕ್ಕೂ ಬೇರೆ ಬೇರೆ ನಿವಾಸಿಗಳ ಗುಂಪು ಇತ್ತು, ಅವೆಲ್ಲ ಸೇರಿದ ಒಕ್ಕೂಟವೂ ಇತ್ತು. ಸಮಿತಿಗೆ ಕೇಳಬೇಕಾದ್ದು ಮೂರೇ ಪ್ರಶ್ನೆ: ಈಗ ನಿಮಗೆ ಯಾವ ಕೆಲಸಕ್ಕೆ ಕೈ ಬೇಕು? ಯಾವುದನ್ನು ನಾವು ಮಾಡಕೂಡದು? ಪತ್ರಿಕೆಯವರ ಜೊತೆ ಯಾರು ಮಾತಾಡುತ್ತಾರೆ? ಮೂರನೆಯದಕ್ಕೆ ಉತ್ತರ ಯಾವಾಗಲೂ ಊರಿನವರ ಹೆಸರೇ ಆಗಿರಲಿ. ಟೀವಿ ಕ್ಯಾಮೆರಾ ನಿಮ್ಮತ್ತ ತಿರುಗಿದರೆ ‘ಅಕ್ಕ ಅಲ್ಲಿದ್ದಾರೆ, ಅವರನ್ನು ಕೇಳಿ’ ಎಂದು ಕೈ ತೋರಿಸಿ.

ಊರಿನ ಮನೆಬಾಗಿಲು ತಟ್ಟುವ ಕೆಲಸವನ್ನು ಹೊರಗಿನವರು ಮಾಡಬಾರದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದಲ್ಲಿ ಒಂದೊಂದು ರಸ್ತೆಯ ನಿವಾಸಿಗಳೇ ತಮ್ಮ ರಸ್ತೆಯ ಮನೆಮನೆಗೂ ಹೋಗಿ ‘ನಮ್ಮ ರಸ್ತೆ ಅನಿಲಬಾವಿಯಿಂದ ಮುಕ್ತವಾಗಿರಬೇಕೇ?’ ಎಂದು ಕೇಳಿ, ಹೌದು, ಅಲ್ಲ, ಗೊತ್ತಿಲ್ಲ ಎಂಬ ಮೂರು ಉತ್ತರಗಳನ್ನು ಬರೆದುಕೊಂಡರು. ನೆರೆಯವರು ಕೇಳಿದರೆ ಸಿಗುವ ನಿಜವಾದ ಉತ್ತರ ಅಪರಿಚಿತರಿಗೆ ಸಿಗುವುದಿಲ್ಲ. ಹೊರಗಿನವರು ಹಾಳೆ ಮುದ್ರಿಸಲಿ, ಲೆಕ್ಕ ಕೂಡಿಸಲಿ, ನಕ್ಷೆಗೆ ಬಣ್ಣ ತುಂಬಲಿ. ಅದೇ ಭಾಗದ ಬೆಂಟ್ಲಿ ಎಂಬಲ್ಲಿ 2014ರಲ್ಲಿ ಬೇರೆ ಕಡೆಯವರೂ ಸೇರಿ ಸಾವಿರಾರು ಜನ ರೈತರ ಹೊಲದಲ್ಲಿ ಬೀಡುಬಿಟ್ಟಾಗ ಅವರ ಹಿಂದೆ ಈ ಮನೆಮನೆಯ ಲೆಕ್ಕವೂ, 2012ರಲ್ಲಿ ಲಿಸ್ಮೋರ್‌ನಲ್ಲಿ ನಡೆದ ಮತದಾನದ ಶೇ. 87 ವಿರೋಧವೂ ಇತ್ತು. ‘ಇದು ಊರಿನ ಮಾತಲ್ಲ’ ಎನ್ನಲು ಯಾರಿಂದಲೂ ಆಗಲಿಲ್ಲ. ಆ ವರ್ಷದ ಮೇ 15ರಂದು ಪರವಾನಗಿ ಅಮಾನತಾಯಿತು. ಸರ್ಕಾರ ಕೊಟ್ಟ ಕಾರಣವೂ ಅದೇ: ಕಂಪನಿ ಊರಿನವರ ಜೊತೆ ಸರಿಯಾಗಿ ಸಮಾಲೋಚನೆ ನಡೆಸಿಲ್ಲ.

ಲಾರಿ ಎಣಿಸುವ ಕೆಲಸ

ಹೊರಗಿನವರು ಮಾಡಬಹುದಾದ ಅತ್ಯಂತ ಬೆಲೆಬಾಳುವ ಕೆಲಸ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದರಲ್ಲಿ ಘೋಷಣೆ ಇಲ್ಲ, ಫೋಟೋ ಇಲ್ಲ, ಆದರೆ ಗೆಲುವು ಇದೆ. ಫ್ರ್ಯಾಕಿಂಗ್ ಜಾಗಕ್ಕೆ ರಿಗ್ಗು, ಮರಳು, ಪೈಪು, ಪಂಪು ಎಲ್ಲ ಲಾರಿಯಲ್ಲೇ ಬರಬೇಕು, ಬಳಸಿದ ನೀರು ಟ್ಯಾಂಕರಿನಲ್ಲಿ ಹೋಗಬೇಕು. ರೋಸ್ಏಕರ್ ಸುತ್ತಲಿನವು ಹಳ್ಳಿಯ ಕಿರುರಸ್ತೆಗಳು. ಕೌನ್ಸಿಲ್ ನಿರಾಕರಿಸಿದ್ದೂ ಸಂಚಾರದ ಕಾರಣಕ್ಕೆ. ಕಂಪನಿಗೆ ಇನ್ನೊಂದು ಅವಕಾಶ ಕೊಟ್ಟು, 2018ರಲ್ಲಿ ಮತ್ತೆ ಸಾರ್ವಜನಿಕ ವಿಚಾರಣೆ ನಡೆಸಿ, 2019ರ ಫೆಬ್ರವರಿಯಲ್ಲಿ ಸರ್ಕಾರವೇ ಕೊನೆಗೂ ಬೇಡವೆಂದದ್ದೂ ಅದೇ ಕಾರಣಕ್ಕೆ.

ಎಣಿಕೆಗೆ ಕೂರುವುದು ಹೀಗೆ. ಕಂಪನಿಯ ಅರ್ಜಿಯಲ್ಲಿರುವ ಲಾರಿ ಮಾರ್ಗದ ನಕ್ಷೆ ತೆಗೆದುಕೊಂಡು ಅತ್ಯಂತ ಕಿರಿದಾದ ಮೂರು ತಾವುಗಳನ್ನು ಗುರುತಿಸಿ: ಒಂದು ತಿರುವು, ಒಂದು ಸೇತುವೆ, ಶಾಲೆಯ ಎದುರು ಒಂದು. ಟೇಪು ಹಿಡಿದು ಡಾಂಬರಿನ ಅಂಚಿನಿಂದ ಅಂಚಿಗೆ ಅಳೆಯಿರಿ. ಪೊದೆ ಬೆಳೆದು ರಸ್ತೆಗೆ ಚಾಚಿದ್ದರೆ ಅದನ್ನು ಬೇರೆ ಬರೆಯಿರಿ. ದೊಡ್ಡ ಲಾರಿಯ ಅಗಲ 2.55 ಮೀಟರ್, ಅದು ಕನ್ನಡಿ ಬಿಟ್ಟು. ಎದುರುಬದುರು ಎರಡು ಲಾರಿ ಹಾಯಲು ಕನಿಷ್ಠ 5.5 ಮೀಟರ್ ಬೇಕು. ನಿಮ್ಮ ಟೇಪು 4.3 ತೋರಿಸಿದರೆ, ಒಂದು ಲಾರಿ ಹಿಮ್ಮುಖವಾಗಿ ಹೋಗಬೇಕು ಎಂದರ್ಥ. ಹಿಂದೆ ಸೈಕಲ್ ಇದ್ದರೆ? ವಿಚಾರಣಾಧಿಕಾರಿಯ ಮುಂದೆ ಇಡಬೇಕಾದ ಪ್ರಶ್ನೆ ಅದು.

ಒಂದು ತಾವಿಗೆ ಇಬ್ಬರು, ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ, ಎರಡು ಗಂಟೆಗೊಮ್ಮೆ ಪಾಳಿ ಬದಲು. ಹಾಳೆಯಲ್ಲಿ ಹದಿನೈದು ನಿಮಿಷಕ್ಕೊಂದು ಸಾಲು. ಪಾದಚಾರಿ, ಸೈಕಲ್, ಕುದುರೆ ಸವಾರ, ಕಾರು, ಟ್ರ್ಯಾಕ್ಟರ್, ಬಸ್ಸು, ಲಾರಿ ಎಂದು ಏಳು ಕಾಲಂ. ಎರಡೂ ದಿಕ್ಕಿಗೆ ಬೇರೆ ಬೇರೆ ಹಾಳೆ. ತಲೆಯ ಮೇಲೆ ದಿನಾಂಕ, ಹವಾಮಾನ, ಎಣಿಸಿದವರ ಹೆಸರು, ಸಹಿ. ಮಂಗಳವಾರದಿಂದ ಗುರುವಾರದ ನಡುವೆ ಒಂದು ದಿನ, ಶನಿವಾರ, ಭಾನುವಾರ, ಹೀಗೆ ಮೂರು ದಿನ ಬೇಕೇ ಬೇಕು. ಶಾಲೆಗೆ ರಜೆ ಇರುವ ವಾರ ಬೇಡ, ಆ ಲೆಕ್ಕವನ್ನು ಕಂಪನಿಯ ವಕೀಲರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ.

ಇಲ್ಲಿ ಆಗುವ ದೊಡ್ಡ ಎಡವಟ್ಟು ‘ಸಂಚಾರ’ ಎಂಬ ಪದದ್ದು. ಲಾರಿ ಒಳಗೆ ಹೋಗಿ ಹೊರಗೆ ಬಂದರೆ ಎರಡು ಸಂಚಾರ. ಕಂಪನಿಯ ಅರ್ಜಿಯಲ್ಲಿ ‘ದಿನಕ್ಕೆ 50 ಸಂಚಾರ’ ಎಂದಿದ್ದರೆ ಅದು 25 ಲಾರಿ. ನೀವು 50 ಲಾರಿ ಎಂದು ಭಾಷಣ ಮಾಡಿದರೆ ಮಾರನೆಯ ದಿನ ಸುಳ್ಳುಗಾರರಾಗುತ್ತೀರಿ, ಮಿಕ್ಕ ನಿಜವೂ ಅದರ ಜೊತೆ ಕೊಚ್ಚಿಹೋಗುತ್ತದೆ. ಇನ್ನೊಂದು, ಎಣಿಸುವ ಜೋಡಿಯಲ್ಲಿ ಒಬ್ಬರು ಊರಿನವರೇ ಇರಲಿ. ವಿಚಾರಣೆಯಲ್ಲಿ ಸಾಕ್ಷಿ ಹೇಳುವವರು ಅವರು.

ಆಕ್ಷೇಪಣೆ, ಗೋಡೆ, ನೀರು

ಒಂದೇ ಪತ್ರವನ್ನು ಸಾವಿರ ಜನ ಸಹಿ ಮಾಡಿ ಕಳಿಸಿದರೆ ಅದಕ್ಕೆ ತೂಕ ಕಡಿಮೆ. ಪ್ರತಿಯೊಬ್ಬರೂ ತಮ್ಮ ಮನೆ, ತಮ್ಮ ಕಿಟಕಿ, ತಮ್ಮ ದಾರಿಯ ಬಗ್ಗೆ ಒಂದು ಪುಟ ಬರೆಯಲಿ. ಇಂಗ್ಲೆಂಡಿನ ಯೋಜನಾ ಕಾನೂನಿನಲ್ಲಿ ಲೆಕ್ಕಕ್ಕೆ ಬರುವುದು ಸದ್ದು, ಸಂಚಾರ, ಭೂದೃಶ್ಯ, ನೀರು ಇಂಥವು. ಮನೆಯ ಬೆಲೆ ಇಳಿಯುತ್ತದೆ ಎಂಬುದು ಬರುವುದಿಲ್ಲ. ಪ್ರೆಸ್ಟನ್ ನ್ಯೂ ರೋಡನ್ನು ಕೌನ್ಸಿಲ್ ನಿರಾಕರಿಸಿದ್ದು ಸದ್ದು ಮತ್ತು ನೋಟಕ್ಕಾಗುವ ಧಕ್ಕೆಯ ಮೇಲೆ. ರಾತ್ರಿ ಹೊತ್ತು ಮನೆಯ ಬಳಿ ಸದ್ದು 42 ಡೆಸಿಬೆಲ್ ಮೀರಬಾರದು ಎಂಬುದು ಅಲ್ಲಿನ ಗಣಿಗಾರಿಕೆ ಮಾರ್ಗಸೂಚಿ. ಫೋನಿನ ಆ್ಯಪ್‌ನಲ್ಲಿ ಅಳೆದರೆ ಯಾರೂ ಒಪ್ಪುವುದಿಲ್ಲ, ಪ್ರಮಾಣೀಕರಿಸಿದ ಮೀಟರನ್ನು ಬಾಡಿಗೆಗೆ ತರಬೇಕು. ಆ ಬಾಡಿಗೆಯ ಹಣ ಹೊಂದಿಸುವುದು ಹೊರಗಿನವರಿಗೆ ತಕ್ಕ ಕೆಲಸ.

ಕೊರೆಯುವ ಮೊದಲೇ ಮನೆಗಳ ಗೋಡೆ ಚಿತ್ರ ತೆಗೆದಿಡಿ. ಪ್ರತಿ ಬಿರುಕಿನ ಪಕ್ಕ ಸ್ಕೇಲು, ಅಂದಿನ ಪತ್ರಿಕೆ ಇಟ್ಟು ಒಂದು ಚಿತ್ರ, ಕೋಣೆ ಪೂರ್ತಿ ಕಾಣುವಂತೆ ಒಂದು. ಪ್ರೆಸ್ಟನ್ ನ್ಯೂ ರೋಡಿನಲ್ಲಿ 2018ರ ಅಕ್ಟೋಬರ್ 15ರಂದು ಫ್ರ್ಯಾಕಿಂಗ್ ಶುರುವಾದ ಮೇಲೆ ಸಾಲುಸಾಲು ಸಣ್ಣ ಕಂಪನಗಳಾದವು. 0.5 ತೀವ್ರತೆ ದಾಟಿದರೆ ಕೆಲಸ ನಿಲ್ಲಿಸಿ 18 ಗಂಟೆ ಕಾಯಬೇಕೆಂಬ ನಿಯಮವಿತ್ತು. 2019ರ ಆಗಸ್ಟ್ 26ರಂದು 2.9 ಬಂತು. ಅಂಥ ಹೊತ್ತಿನಲ್ಲಿ ‘ಬಿರುಕು ಮೊದಲೇ ಇತ್ತು’ ಎಂಬ ವಾದಕ್ಕೆ ಉತ್ತರ ಹಳೆಯ ಚಿತ್ರ ಮಾತ್ರ.

ಬಾವಿಯ ನೀರು ಕುಡಿಯುವ ಕಡೆ, ಉದಾಹರಣೆಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಕೊರೆಯುವ ಮೊದಲಿನ ನೀರಿನ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಅಲ್ಲಿನ 2012ರ ಕಾನೂನಿನಂತೆ ಅನಿಲದ ಬಾವಿಯಿಂದ 2,500 ಅಡಿಯೊಳಗೆ, ಅದರ ಕೆಲಸ ಮುಗಿದ 12 ತಿಂಗಳೊಳಗೆ ನೀರು ಕೆಟ್ಟರೆ ಹೊಣೆ ಕಂಪನಿಯದೇ ಎಂದು ಭಾವಿಸಲಾಗುತ್ತದೆ. ಆದರೆ ಮೊದಲೇ ಕೆಟ್ಟಿತ್ತು ಎಂದು ಕಂಪನಿ ತೋರಿಸಿಬಿಟ್ಟರೆ ಮುಗಿಯಿತು. ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಟ್ಯಾಂಕು ಮತ್ತು ಫಿಲ್ಟರಿಗಿಂತ ಮೊದಲಿನ ನಲ್ಲಿಯಿಂದ ನೀರು ಹಿಡಿಯಿರಿ. ಬೆಂಜೀನ್‌ನಂಥವುಗಳ ಪರೀಕ್ಷೆಗೆ ಲ್ಯಾಬ್ ಕೊಡುವ 40 ಮಿಲಿಲೀಟರ್ ಗಾಜಿನ ಶೀಶೆಯನ್ನು ನೀರು ಉಬ್ಬಿ ನಿಲ್ಲುವ ತನಕ ತುಂಬಿ ಮುಚ್ಚಳ ಹಾಕಿ, ಬೋರಲು ಹಾಕಿ ಬೆರಳಲ್ಲಿ ತಟ್ಟಿ. ಒಂದು ಗುಳ್ಳೆ ಮೇಲೆದ್ದರೂ ಆ ಶೀಶೆ ದಂಡ, ಇನ್ನೊಂದನ್ನು ತುಂಬಿ. ಅನಿಲ ಆ ಗುಳ್ಳೆಗೆ ಸೇರಿಕೊಂಡು ಲೆಕ್ಕ ಕಡಿಮೆ ಬರುತ್ತದೆ. ಒಳಗೆ ಆಮ್ಲ ಹಾಕಿರುತ್ತಾರೆ, ಶೀಶೆಯನ್ನು ತೊಳೆಯಬೇಡಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿ ಆಸುಪಾಸಿನಲ್ಲಿಟ್ಟು, ಕೈ ಬದಲಾದಾಗಲೆಲ್ಲ ಸಹಿ ಹಾಕಿಸಿ ಲ್ಯಾಬಿಗೆ ಮುಟ್ಟಿಸಿ. ಮೀಥೇನ್, ಈಥೇನ್, ಕ್ಲೋರೈಡ್, ಬೇರಿಯಂ, ಸ್ಟ್ರಾನ್ಷಿಯಂ ಪಟ್ಟಿಯಲ್ಲಿರಲಿ.

ಗೇಟಿನ ಬಳಿ

ಪ್ರೆಸ್ಟನ್ ನ್ಯೂ ರೋಡಿನ ಗೇಟಿನೆದುರು ಊರಿನ ಅಜ್ಜಿಯರು ಹಳದಿ ಅಂಗಿ ತೊಟ್ಟು, ತಲೆಗೆ ಚೌಕ ಕಟ್ಟಿ ಚಹಾ, ಕೇಕು ಹಂಚುತ್ತಿದ್ದರು. ಬುಧವಾರಗಳಂದು ಹೆಂಗಸರು ಬಿಳಿ ಬಟ್ಟೆಯಲ್ಲಿ ಗೇಟಿನವರೆಗೆ ಮೌನವಾಗಿ ನಡೆದು ಬರುತ್ತಿದ್ದರು. ಆ ಕ್ರಮ ಊರಿನವರು ಹಾಕಿದ್ದು. 2017ರ ಜುಲೈನಲ್ಲಿ ದೇಶದ ಬೇರೆ ಕಡೆಯಿಂದ ಗುಂಪುಗಳು ತಿಂಗಳು ಪೂರ್ತಿ ಬಂದಾಗ ಆ ಕ್ರಮದೊಳಗೇ ಸೇರಿಕೊಳ್ಳಬೇಕಿತ್ತು. ಬುಧವಾರದ ಮೌನದ ನಡುವೆ ಒಬ್ಬರು ಪೊಲೀಸರನ್ನು ಬೈದರೆ, ಮರುದಿನದ ಪತ್ರಿಕೆಯಲ್ಲಿ ಬರುವುದು ಬೈಗುಳ ಮಾತ್ರ.

ಪಾಳಿಪಟ್ಟಿಯಲ್ಲಿ ವಾರದ ನಡುವಿನ ಬೆಳಗಿನ ಜಾವ ಯಾವಾಗಲೂ ಖಾಲಿ ಉಳಿಯುತ್ತದೆ. ಊರಿನವರಿಗೆ ಕೆಲಸ, ಮಕ್ಕಳ ಶಾಲೆ. ಹೊರಗಿನವರು ಭಾನುವಾರ ಬಂದು ಗುಂಪು ಹೆಚ್ಚಿಸುವ ಬದಲು ಆ ಪಾಳಿ ಹಿಡಿಯಲಿ. ಒಬ್ಬರೇ ಎಂದೂ ನಿಲ್ಲಬಾರದು, ಕನಿಷ್ಠ ಮೂವರು: ಒಬ್ಬರು ಲಾರಿ ನಂಬರು, ಹೊತ್ತು ಬರೆಯಲು, ಒಬ್ಬರು ವಿಡಿಯೋಗೆ, ಒಬ್ಬರು ಫೋನಿಗೆ. ಅನುಮತಿಯ ಷರತ್ತಿನಲ್ಲಿರುವ ಹೊತ್ತು ಮೀರಿ ವಾಹನ ಬಂದರೆ ಅದೇ ದೂರಿಗೆ ಆಧಾರ. ಇಲ್ಲಿನ ಕೊರೆಯುವ ರಿಗ್ಗು ಬಂದದ್ದೂ 2017ರ ಜುಲೈನ ಒಂದು ರಾತ್ರಿಯಲ್ಲೇ. ಬೀಡಾರದಲ್ಲಿ ಇಪ್ಪತ್ತು ಜನಕ್ಕೊಂದು ಶೌಚಾಲಯ, ತಲೆಗೆ ದಿನಕ್ಕೆ ಮೂರು ಲೀಟರ್ ಕುಡಿಯುವ ನೀರು ಲೆಕ್ಕ ಹಾಕಿ. ಪಕ್ಕದ ಹೊಲದಲ್ಲಿ ಗಲೀಜಾದರೆ ನಿನ್ನೆಯವರೆಗೆ ಜೊತೆಗಿದ್ದ ರೈತ ಇಂದು ಎದುರು ಬೀಳುತ್ತಾನೆ, ಅದು ಅವನ ತಪ್ಪಲ್ಲ.

ಕಾನೂನಿನ ವಿಷಯದಲ್ಲಿ ಇಂಗ್ಲೆಂಡ್ ಈಗ ಬಹಳ ಬಿಗಿಯಾಗಿದೆ. 2018ರಲ್ಲಿ ಕಂಪನಿ ಹೈಕೋರ್ಟಿನಿಂದ ‘ಅನಾಮಧೇಯ ವ್ಯಕ್ತಿಗಳ’ ಮೇಲೂ ತಡೆಯಾಜ್ಞೆ ತಂದಿತ್ತು. ಅಂಥದ್ದಿದ್ದರೆ ಗೇಟಿನ ಮೇಲೆ ಅಂಟಿಸಿದ ಪ್ರತಿಯನ್ನು ಪೂರ್ತಿ ಓದದೆ ಒಂದು ಹೆಜ್ಜೆಯೂ ಇಡಬೇಡಿ. ಮೀರಿದರೆ ನ್ಯಾಯಾಂಗ ನಿಂದನೆ. ಅದಲ್ಲದೆ, ಲಾರಿ ಮೇಲೆ ಹತ್ತಿದ ಮೂವರಿಗೆ ಅದೇ ವರ್ಷ ಸಾರ್ವಜನಿಕರಿಗೆ ತೊಂದರೆ ಕೊಟ್ಟ ಅಪರಾಧಕ್ಕೆ ಜೈಲುಶಿಕ್ಷೆಯಾಯಿತು, ಮೇಲ್ಮನವಿ ನ್ಯಾಯಾಲಯ ಮೂರು ವಾರದಲ್ಲಿ ಅದನ್ನು ರದ್ದುಮಾಡಿತು. 2023ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯಡಿ, ಅಡ್ಡಿಪಡಿಸಲೆಂದು ಗೇಟಿಗೋ ವಾಹನಕ್ಕೋ ತಮ್ಮನ್ನು ಸರಪಳಿಯಿಂದ ಬಿಗಿದುಕೊಳ್ಳುವುದೇ ಪ್ರತ್ಯೇಕ ಅಪರಾಧ. ಬ್ರಿಟನ್ನಿನಲ್ಲಿ ಕೆಲಸದ ವೀಸಾದ ಮೇಲಿರುವ ಕನ್ನಡಿಗರು ಇದನ್ನು ಎರಡು ಸಲ ಓದಬೇಕು. ವೀಸಾ ಅರ್ಜಿಯಲ್ಲಿ ಅಪರಾಧದ ದಾಖಲೆ ಕೇಳುತ್ತಾರೆ. ಬಂಧನದ ಅಪಾಯವಿಲ್ಲದ ಕೆಲಸ ಬೇಕಾದಷ್ಟಿದೆ: ಎಣಿಕೆ, ಅಡುಗೆ, ವಾಹನ, ಅರ್ಜಿಗಳ ಓದು. ಗೇಟಿಗೆ ಹೋಗುವವರು ವಕೀಲರ ನಂಬರನ್ನು ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ, ಠಾಣೆಯಲ್ಲಿ ಫೋನು ಕೈಯಲ್ಲಿರುವುದಿಲ್ಲ. ಬಂಧನವಾದರೆ ಒಬ್ಬರು ಠಾಣೆಯ ಹೊರಗೆ ಬೆಚ್ಚನೆ ಬಟ್ಟೆ, ಊಟ, ಕಾರು ಇಟ್ಟುಕೊಂಡು ಕಾಯಬೇಕು. ರಾತ್ರಿ ಎರಡಕ್ಕೆ ಬಿಡುವುದೂ ಉಂಟು.

ದೂರದಿಂದಲೇ

ಕಂಪನಿಯ ಕಚೇರಿ, ಬ್ಯಾಂಕು, ಹೂಡಿಕೆದಾರರು ಇರುವುದು ಊರಿನಲ್ಲಲ್ಲ, ನಗರದಲ್ಲಿ. ಆ ನಗರದಲ್ಲಿರುವ ಬೆಂಬಲಿಗರು ಊರಿನವರ ಕಣ್ಣಾಗಬಹುದು. 2017ರಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ನೆಡುವಾಸಲ್ ರೈತರು ಹೈಡ್ರೋಕಾರ್ಬನ್ (ತೈಲ, ಅನಿಲ) ಯೋಜನೆಯ ವಿರುದ್ಧ ಕುಳಿತಾಗ, ಗುತ್ತಿಗೆ ಪಡೆದ ಕಂಪನಿ ಬೆಂಗಳೂರಿನದಾಗಿತ್ತು. ಅಂಥ ಕಡೆ ಬೆಂಗಳೂರಿನವರಿಗೆ ದೊಡ್ಡ ಪಾತ್ರವಿದೆ: ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ನಿರ್ದೇಶಕರು, ಸಾಲ, ಬಂಡವಾಳದ ದಾಖಲೆ ತೆಗೆದು, ಸರಳ ಭಾಷೆಯ ಒಂದು ಪುಟವಾಗಿಸಿ ಊರಿಗೆ ಕಳಿಸುವುದು. ಭಾರತದಲ್ಲಿ 2020ರ ಜನವರಿ 16ರ ಅಧಿಸೂಚನೆ ತೈಲ, ಅನಿಲದ ಶೋಧನೆಯನ್ನು ಪರಿಸರ ಅನುಮತಿಯ ಸಡಿಲ ವರ್ಗವಾದ ಬಿ2ಗೆ ಸೇರಿಸಿ ಸಾರ್ವಜನಿಕ ವಿಚಾರಣೆಯಿಂದ ಹೊರಗಿಟ್ಟಿತು. ಊರಿನವರು ಮಾತಾಡಬಹುದಾದ ಸಭೆಯೇ ಇಲ್ಲವಾದಾಗ ಗ್ರಾಮಸಭೆಯ ಠರಾವಿಗೆ ಬೆಲೆ ಇನ್ನೂ ಹೆಚ್ಚು. ಅದರ ಕರಡನ್ನು ವಕೀಲರಿಗೆ ತೋರಿಸಿ ಸರಿಮಾಡಿಸಿಕೊಡುವುದು ಹೊರಗಿನವರ ಕೆಲಸ, ಮಂಡಿಸುವುದು ಊರಿನವರದು.

ನಿಮ್ಮ ಪಾಲಿನ ಕೆಲಸ ಮುಗಿದು ಹೊರಡುವಾಗ ಎಣಿಕೆಯ ಹಾಳೆ, ಚಿತ್ರ, ಲ್ಯಾಬ್ ವರದಿ, ಫೋನ್ ಪಟ್ಟಿ ಎಲ್ಲವನ್ನೂ ಊರಿನ ಇಬ್ಬರ ಮನೆಯಲ್ಲಿ ಒಂದೊಂದು ಪ್ರತಿ ಇಡಿ, ಪಾಸ್‌ವರ್ಡೂ ಅವರದೇ ಆಗಿರಲಿ. ಫೋನ್ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕರೆ ಮಾಡಿ ಸರಿಪಡಿಸಿ. ಇಂಗ್ಲೆಂಡಿನಲ್ಲಿ 2019ರ ನವೆಂಬರ್‌ನಲ್ಲಿ ಫ್ರ್ಯಾಕಿಂಗ್ ನಿಂತಿತು, 2022ರ ಸೆಪ್ಟೆಂಬರ್ 22ರಂದು ಹೊಸ ಪ್ರಧಾನಿಯ ಸರ್ಕಾರ ಆ ತಡೆಯನ್ನು ತೆಗೆದುಹಾಕಿತು, ಅವರ ನಂತರ ಬಂದವರು ಅಕ್ಟೋಬರ್ 26ರಂದು ಮತ್ತೆ ಹೇರಿದರು. ನಡುವೆ ಸಿಕ್ಕಿದ್ದು ಐದೇ ವಾರ. ಆ ಐದು ವಾರದಲ್ಲಿ ಪಟ್ಟಿ ಹುಡುಕುತ್ತಾ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ.