ಹುಡುಗಿಯರೇ ಮಾತಾಡುವ ಶಿಬಿರ: ಮಾಡುವುದು ಹೇಗೆ?

ಚಿತ್ರದುರ್ಗದಲ್ಲಿ ಯುವತಿಯರಿಗೆ ಎರಡು ದಿನದ ತರಬೇತಿ ಶಿಬಿರ ಮಾಡಬೇಕು ಅಂತಿದ್ದೀರಾ? ಹಾಲ್ ಬುಕ್ ಮಾಡುವುದು ಆಮೇಲೆ. ಮೊದಲು ಊರುಗಳಿಗೆ ಹೋಗಿ.

ಮೊಳಕಾಲ್ಮೂರು ಕಡೆಯ ಹುಡುಗಿ ಒಂದು ರಾತ್ರಿ ಹೊರಗೆ ಉಳಿಯಬೇಕಾದರೆ ಅವಳಿಗೆ ಆಸೆ ಇದ್ದರೆ ಸಾಲದು, ಅವರಮ್ಮನಿಗೆ ನಿಮ್ಮ ಮುಖ ಗೊತ್ತಿರಬೇಕು. ಮನೆ ಜಗುಲಿ ಮೇಲೆ ಕೂತು, ಎಲ್ಲಿ ಮಲಗುತ್ತಾರೆ, ರಾತ್ರಿ ಜೊತೆಗೆ ಯಾರಿರುತ್ತಾರೆ, ವಾಪಸ್ ಎಷ್ಟೊತ್ತಿಗೆ ಅಂತ ಅವರು ಕೇಳುವ ಮೊದಲೇ ಹೇಳಿ. ಹಾಗೇ ಹುಡುಗಿಯನ್ನು ಕೇಳಿ: "ನಿಮ್ಮೂರಲ್ಲಿ ಏನು ಬದಲಾಗಬೇಕಮ್ಮ?" ಬರುವ ಉತ್ತರಗಳೇ ಶಿಬಿರದ ವಿಷಯ. ಒಮ್ಮೆ ನಾನು ಇದನ್ನು ಬಿಟ್ಟು, ಮನೆಯಲ್ಲೇ ಕೂತು ಭಾಷಣಗಳನ್ನು ಜೋಡಿಸಿದ್ದೆ. ಎಲ್ಲರೂ ಚೆನ್ನಾಗಿ ಬರೆದುಕೊಂಡರು, ಒಬ್ಬರೂ ಬಾಯಿ ಬಿಡಲಿಲ್ಲ. ಹೊರಡುವಾಗ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕಾಲೇಜಿಗೆ ಬರುವ ಬಸ್ಸಿನಲ್ಲಿ ಗಂಡಸರು ಕೊಡುವ ಕಾಟದ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

25 ಜನ ಸಾಕು. ಒಂದೊಂದು ಊರಿಂದ ಇಬ್ಬರಾದರೂ ಬರಲಿ, ವಾಪಸ್ ಹೋದ ಮೇಲೆ ಒಬ್ಬಳೇ ನಿಲ್ಲುವುದು ಬಹಳ ಕಷ್ಟ. ಶಕ್ತಿ ಯೋಜನೆ ಇದೆಯಲ್ಲ ಅಂತ ಬಸ್ ಚಾರ್ಜನ್ನು ಲೆಕ್ಕದಿಂದ ಬಿಡಬೇಡಿ. 2023ರ ಜೂನ್‌ನಿಂದ ಸರ್ಕಾರಿ ಬಸ್ ಫ್ರೀ, ನಿಜ, ಆದರೆ ನಮ್ಮ ಕಡೆ ಎಷ್ಟೋ ಊರಿಗೆ ಓಡುವುದು ಪ್ರೈವೇಟ್ ಬಸ್ಸೇ. ಜಾಗ ನೋಡುವಾಗ ಬಚ್ಚಲಿನ ಚಿಲಕ, ನೀರು ನೋಡಿ. ಪ್ಯಾಡ್ ತಂದಿಡಿ. ಕುರ್ಚಿ, ವೇದಿಕೆ, ಉದ್ಘಾಟನೆ ಬೇಡ. ಜಮಖಾನ ಹಾಸಿ ಸುತ್ತ ಕೂರಿ.

ಮೊದಲ ದಿನ ಪರಿಚಯಕ್ಕೆ ಒನಕೆ ಓಬವ್ವನ ಕತೆ ಹೇಳಬೇಡಿ, ಅದು ಎಲ್ಲರಿಗೂ ಗೊತ್ತು. ನಿಮ್ಮೂರಲ್ಲಿ ಯಾವುದಕ್ಕಾದರೂ ಎದುರು ನಿಂತ ಹೆಂಗಸು ಯಾರು ಅಂತ ಕೇಳಿ. ತೆಲುಗು, ಲಂಬಾಣಿ, ಉರ್ದು, ಯಾವುದರಲ್ಲಾದರೂ ಹೇಳಲಿ, ಪಕ್ಕದವಳು ಕನ್ನಡದಲ್ಲಿ ಹೇಳುತ್ತಾಳೆ.

ಆಮೇಲೆ ರಂಗೋಲಿ ಪುಡಿ ಕೊಟ್ಟು ನೆಲದ ಮೇಲೆ ಊರಿನ ನಕ್ಷೆ ಬರೆಸಿ. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ. ನಲ್ಲಿ, ಶಾಲೆ, ಗುಡಿ, ಬಸ್ ಸ್ಟಾಪ್, ಬ್ರಾಂಡಿ ಅಂಗಡಿ ಎಲ್ಲ ಬರಲಿ. ನೆಮ್ಮದಿ ಇರುವ ಕಡೆ ಶೇಂಗಾ, ಭಯವಾಗುವ ಕಡೆ ಹುಣಸೆ ಬೀಜ ಇಡಲು ಹೇಳಿ. ಮಾತು ಬಾರದ ಹುಡುಗಿಯ ಕೈ ಇಲ್ಲಿ ಮಾತಾಡುತ್ತದೆ. ಒಬ್ಬಳು ಶೇಂಗಾ ಇಟ್ಟ ಗುಡಿಯ ಮುಂದೆಯೇ ದಲಿತ ಕೇರಿಯ ಹುಡುಗಿ ಹುಣಸೆ ಬೀಜ ಇಟ್ಟರೆ, ಅವಸರ ಮಾಡಬೇಡಿ. ಇಬ್ಬರೂ ಯಾಕೆ ಅಂತ ಹೇಳಲಿ, ಉಳಿದವರು ಕೇಳಲಿ. ಕಾಡುಗೊಲ್ಲರು ಇರುವ ಗೊಲ್ಲರಹಟ್ಟಿಯಿಂದ ಬಂದವರು ಹಟ್ಟಿಯಾಚೆ, ಮುಟ್ಟಾದಾಗ ಕೂರುವ ಜಾಗಕ್ಕೂ ಬೀಜ ಇಡಬಹುದು.

ಕಾನೂನು ಹೇಳುವುದು ಈಗ, ಬೀಜ ಬಿದ್ದ ಜಾಗ ತೋರಿಸಿಕೊಂಡೇ. ಮುಟ್ಟಾದವರನ್ನು ಬಲವಂತವಾಗಿ ಹೊರಗಿಡುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಹುಡುಗಿಗೆ 18 ತುಂಬುವ ಮೊದಲು ಮದುವೆ ನಿಶ್ಚಯವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಹೆಂಗಸರ ಸಹಾಯವಾಣಿ 181.

ಕೇಳುತ್ತಾ ಕೇಳುತ್ತಾ ಯಾರಾದರೂ ತನ್ನದೇ ನೋವು ಹೇಳಿ ಅಳಬಹುದು. ಎಲ್ಲರ ಮುಂದೆ ಕೆದಕಬೇಡಿ. ಜೊತೆಗೆ ಹೊರಗೆ ಹೋಗಿ ಕೂರಲು ಒಬ್ಬ ಅಕ್ಕನನ್ನು ಮೊದಲೇ ಗೊತ್ತು ಮಾಡಿಟ್ಟಿರಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ, ಸ್ಟೇಟಸ್‌ಗೂ ಹಾಕಬೇಡಿ. ಊರಲ್ಲಿ ಒಂದು ಫೋಟೋ ಸಾಕು, ಮುಂದಿನ ಸಲ ಅವಳನ್ನು ಕಳಿಸುವುದಿಲ್ಲ.

ಎರಡನೇ ದಿನ ಬರೀ ಅಭ್ಯಾಸ. ಗ್ರಾಮಸಭೆ ಆಡಿಸಿ: ಒಬ್ಬಳು ಅಧ್ಯಕ್ಷೆ, ಒಬ್ಬಳು ಪಿಡಿಒ, ಹಿಂದೆ ಕೂತು "ನಿನಗ್ಯಾಕಮ್ಮ ಇದೆಲ್ಲ" ಅನ್ನುವ ಯಜಮಾನ ಒಬ್ಬಳು. ಮೂರು ಸಲ ಆಡಿದ ಮೇಲೆ ದನಿ ಗಟ್ಟಿಯಾಗುತ್ತದೆ, ನೋಡಿ. ಆಮೇಲೆ ಬೀದಿದೀಪಕ್ಕೆ ನಿಜವಾದ ಅರ್ಜಿ ಬರೆಸಿ, ಎರಡು ಪ್ರತಿ. ಒಂದನ್ನು ಪಂಚಾಯಿತಿಗೆ ಕೊಟ್ಟು ಇನ್ನೊಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು: ಶುಲ್ಕ 10 ರೂಪಾಯಿ, ಗಡುವು 30 ದಿನ.

ಸಂಜೆ ಕೊನೆ ಬಸ್ಸಿಗೆ ಮುಂಚೆ, ನಾಲ್ಕು ಗಂಟೆಗೇ ಮುಗಿಸಿ. ಎಲ್ಲರೂ ಮನೆ ಮುಟ್ಟಿದರಾ ಅಂತ ಅವತ್ತು ರಾತ್ರಿಯೇ ಫೋನ್ ಮಾಡಿ. ಮೂರು ವಾರ ಬಿಟ್ಟು ಅವರ ಊರಿಗೆ ಹೋಗಿ, ಸೀಲು ಬಿದ್ದ ಆ ಅರ್ಜಿಯ ಪ್ರತಿ ತೋರಿಸಲು ಹೇಳಿ.